ಅಳತೆ ವಹಿ

ನಿನ್ನೆ ಅಭಿನಂದನ ಗ್ರಂಥದವರು ಬಂದಿದ್ರು, ಇಬ್ಬರು, ನಡುವ ಒಂದು ಬ್ಯಾಗು.
ನಟ ಅಂತ ಮೊದಲು ಬರೀಬೇಕೋ, ಬಾನುಲಿ ಕಲಾವಿದ ಅಂತಲೋ,
ನಾಟಕಕಾರ ಅಂತಲೋ, ನನ್ನ ಕೇಳಿದ್ರು.
ನಾನು ದುಧನಿ ಸ್ಟೇಷನ್ ರೋಡಿನ ದರ್ಜಿ.
ತಾರೀಖು ನನಗ ಗೊತ್ತಿಲ್ಲ.
ಸುತ್ತಳತಿ ಗೊತ್ತದ.

ಅಪ್ಪನ ವಹಿ ಮೋಡಿ ಅಕ್ಷರದಾಗ ಅದ,
ಯಾರ ಹೊಟ್ಟಿ ಎಷ್ಟು ಬೆಳೀತು ಊರಿಗೆ ತಿಳೀಬಾರದಂತ.
ಅದರಾಗ ಒಂದು ಪುಟ, ಕಂದೀಲಿನ ಎಣ್ಣಿ ಕುಡದದ್ದು:
ಮೇತ್ರಿ ರೇವಪ್ಪ. ಎದಿ ಮೂವತ್ತು. ನಡ ಇಪ್ಪತ್ನಾಕು.
ಕುಪ್ಪಸ ಎರಡು. ಅರ್ಜಂಟ.

ಕಂಪನಿಯ ನಾಯಕಿ ಪೇಟಿಮಾಸ್ತರನ ಜೋಡಿ
ಮಧ್ಯಾಹ್ನದ ಗಾಡಿ ಹಿಡದು ಹೋಗಿದ್ದಳು.
ರಾತ್ರಿ ಒಂಬತ್ತಕ್ಕ ಪರದೆ ಏಳಬೇಕು.
ಹದಿನಾರರ ಹುಡುಗ, ಟೇಪು ಬಗಲಿಗೆ ಬಂದ್ರೂ ನಗಲಿಲ್ಲ.
"ಮಾಮಾ, ತೋಳು ಸಡಲ ಇಡ್ರಿ,
ಅಳೋ ಸೀನಿನಾಗ ಕೈ ಎತ್ತೋದದ."
ನಾನು ಬಗಲಾಗ ಪೆನ್ಸಿಲ್ ಹಿಡದು ನಿಂತಿದ್ದೆ.
ಇವ ಉಳೀತಾನ, ಅಂದ ಅಪ್ಪ, ಮರಾಠಿಯೊಳಗ, ನನಗಷ್ಟೇ.

ಆಮ್ಯಾಲೆ ಮೀಸಿ ಬಂತು, ಸೀರಿ ಹೋತು.
ಎದಿ ಮೂವತ್ತೆಂಟು. ಖಳನಾಯಕ. ಬೂಟಿನ ಮ್ಯಾಲೆ ಬೀಳೋ ಪ್ಯಾಂಟು.
ಮೈಂದರಗಿಯಾಗ ಒಬ್ಬಾಕಿ ಚಪ್ಪಲಿ ಬೀಸಿದಳು.
ಅದನ್ನ ತಂದು ನನ್ನ ಮಶೀನಿನ ಮ್ಯಾಲೆ ಇಟ್ಟ:
"ಬಕ್ಷೀಸು ನೋಡು. ಜೋಡಿ ಕೊಡಲಿಲ್ಲ, ಜಿಪುಣಿ."

ಕಂಪನಿ ಮುಳುಗಿತು. ತಂಬು ಲಿಲಾವಾತು.
ಅಡತಿ ಅಂಗಡಿಯವರು ಹಿಡದ್ರು, ನಾನೇ ಹರದು ಹೊಲದೆ:
ಆಕಾಶ ಬರೆದಿದ್ದ ಪರದೆಯ ಕೆಳಗ
ತೊಗರಿ ಚೀಲ ಮಲಗಿದವು ಎಷ್ಟೋ ಸುಗ್ಗಿ.

ಒಂದಿನ ಬಂದು ಕೋಟು ಹೊಲಿ ಅಂದ, ಬೂದಿ ಬಣ್ಣದ್ದು.
ಕಲಬುರ್ಗಿ ರೇಡಿಯೋದಾಗ ಕೆಲಸ.
ಅಲ್ಲಿ ಯಾರು ನೋಡತಾರೋ?
"ಮೈಕು ನೋಡತದ."
ನಸುಕಿನ ಪ್ಯಾಸೆಂಜರಿಗೆ ಹೋಗಿ ಪ್ಯಾಟಿ ಧಾರಣಿ ಓದತಿದ್ದ.
ಕಡ್ಲಿ, ಜ್ವಾಳ, ತೊಗರಿ.
ಅವ ಓದಿದ ದಿನ ತೊಗರಿಗೆ ಹತ್ತು ರೂಪಾಯಿ ಹೆಚ್ಚು ಅನಸತಿತ್ತು,
ಮಾರಲಿಕ್ಕೆ ಹೋದವರು ಬೈಕೋತ ಬರತಿದ್ರು.

ವಾರಕ್ಕ ಕೋಟು ವಾಪಸ್ ಬಂತು.
ಅಸ್ತರ ಚರ್‌ಚರ್ ಅಂತದಂತ, ಕೈ ಅಲ್ಲಾಡಿಸಿದ್ರ
ಕೇಳೋ ಮಂದಿ ಮಳಿ ಅನಕೋತಾರಂತ.
ಬಿಚ್ಚಿ ಹತ್ತಿದು ಹಚ್ಚಿದೆ. ಹಳೇದನ್ನ ಚಿಂದಿಗೆ ಒಗದೆ.
ಮುಂದ ಬಾನುಲಿ ನಾಟಕಕ್ಕ ಮಳಿ ಬೇಕಾತು,
ಓಡಿ ಬಂದು ಚಿಂದಿ ಗಂಟು ಹುಡುಕಿದ.
ಎರಡು ರಾತ್ರಿ ನನ್ನ ಅಸ್ತರ
ಕಲಬುರ್ಗಿಯ ಮ್ಯಾಲೆ ಸುರೀತು.
ನಾನು ಬಾಗಲಾಗ ನಿಂತು ಕೇಳಿದೆ, ನಮ್ಮೂರಾಗ ಬಿಸಲು.

ಆಮ್ಯಾಲಿನವು ಬರೇ ಜುಬ್ಬಾ. ಒಳಕಿಸೆ ಉದ್ದ ಬೇಕು,
ಕಾಗದ ಮಡಚದಂಗ ಹೋಗಬೇಕು.
ಬರೀತಿದ್ದ. ಅಪ್ಪ ಕಚೇರಿಯಾಗ ಮರಾಠಿ, ಮನಿಯಾಗ ಕನ್ನಡ,
ಸಾಯೋ ಮುಂದ ಯಾವುದರಾಗ ನೀರು ಕೇಳಬೇಕಂತ ಮರತವನ ಕತಿ.
ಕಲಬುರ್ಗಿಯವರು ಅಂದ್ರು: ಭಾಳ ಮರಾಠಿ ಅದ.
ಸೊಲ್ಲಾಪುರದವರು ಅಂದ್ರು: ಹೇ ತರ್ ಕಾನಡೀ.
ನಾಗಣಸೂರ ಸಾಲಿ ಮಕ್ಕಳು ಆಡಿದ್ರು, ಬೆಂಚು ಕೂಡಿಸಿ.

ಅದರಾಗ ದರ್ಜಿಗೊಂದು ಮಾತಿತ್ತು, ನನಗಂತನೇ ಬರದದ್ದು:
"ಎಷ್ಟು ಬಿಡಲಿ ಯಜಮಾನ್ರ, ಬೆಳಿಯೋ ಹುಡುಗ?"
ದೀಪ ಹತ್ತಿತು. ಬಾಯಿ ಬತ್ತಿತು.
ಆವಾಗ ಪರದೆ ಹಿಂದಿಂದ ನನ್ನ ದನಿ ಬಂತು,
ನನ್ನ ಕೆಮ್ಮು, ನನ್ನ ತೊದಲು, ಟಾಚಣಿ ಕಚ್ಚಿದ ನನ್ನ ತುಟಿಯ ಸಂದಿ ಸಹಿತ,
ಆ ಮಾತು ಪೂರಾ ಆಡಿತು.
ಜನ ನನಗ ಚಪ್ಪಾಳಿ ಹೊಡದ್ರು.

ಇದನ್ನ ಆ ಇಬ್ಬರಿಗೆ ಹೇಳಲಿಲ್ಲ.
ವಹಿ ತೋರಿಸಿದೆ, ಓದಲಿಕ್ಕೆ ಬರಲಿಲ್ಲ ಅವರಿಗೆ.
ಒಂದು ಫೋಟೋ ತಕ್ಕೊಂಡ್ರು, ಚಹಾ ಬ್ಯಾಡಂದ್ರು.

ಹೋದ ತಿಂಗಳು ಬಂದಿದ್ದ, ಪಾಯಜಾಮಾ ಗಿಡ್ಡ ಮಾಡಿಸಲಿಕ್ಕೆ.
ಎದಿ ಮೂವತ್ತೆರಡು.
ಇಳಿತಿಳಿತ ಕುಪ್ಪಸದ ಹತ್ರ ಹೊಂಟದ ಅಂದೆ.
"ಬಟ್ಟಿ ಅದನೋ?" ಅಂದ.

ಅಸ್ತರದ ಬಾಕಿ ನಲವತ್ತು ರೂಪಾಯಿ ಇನ್ನೂ ಅದ.
ಗೀಚಿ ತಗೀಲಿಕ್ಕೆ ಪೆನ್ಸಿಲ್ ಎತ್ತಿದೆ, ಬಿಟ್ಟೆ.
ಬಾಕಿ ಇದ್ರ ಮನಷ್ಯಾ ಈ ಓಣಿಗೆ ಬರತಾನ.